ಬಾಸೆಲ್ ರಾಜನ ನಾಲಿಗೆ

ಅಮ್ಮ ಮಂಗಳೂರು ಬಿಟ್ಟು, ಬೊಂಬಾಯಿ, ಫ್ರಾಂಕ್‌ಫರ್ಟ್ ದಾಟಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಕಸ್ಟಮ್ಸಿನವನು ಅವಳ ಪೆಟ್ಟಿಗೆ ಬಿಚ್ಚಿಸಿದ. ಉಪ್ಪಿನಕಾಯಿ, ಹಪ್ಪಳ, ಬಾಣಂತಿ ಲೇಹ್ಯದ ಡಬ್ಬಿ ಯಾವುದನ್ನೂ ಅವನು ಮುಟ್ಟಲಿಲ್ಲ. ಸೀರೆಗಳ ನಡುವೆ ಸುತ್ತಿಟ್ಟಿದ್ದ ತಗಡಿನ ಮುಖವೊಂದನ್ನು ಎತ್ತಿ ಹಿಡಿದು ಇದೇನೆಂದು ಕೇಳಿದ. ಅಮ್ಮನಿಗೆ ಇಂಗ್ಲಿಷು ಬಾರದು. ಅವಳು ಕಣ್ಣು ಅಗಲಿಸಿ, ನಾಲಿಗೆಯನ್ನು ಗದ್ದದ ತನಕ ಚಾಚಿ ತೋರಿಸಿದಳಂತೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಪೆಟ್ಟಿಗೆ ಮುಚ್ಚಿ, ಹೋಗಿ ತಾಯೀ ಎಂಬಂತೆ ಕೈ ಬೀಸಿದನಂತೆ.

“ಕೆಲಸ ಮಾಡ್ತದೆ ಇದು,” ಎಂದು ಅಮ್ಮ ವಿಮಾನ ನಿಲ್ದಾಣದಲ್ಲೇ ತೀರ್ಪು ಕೊಟ್ಟಳು.

ಅದು ದೃಷ್ಟಿ ಬೊಂಬೆ. ಮಂಗಳೂರಿನ ಮಣ್ಣಗುಡ್ಡೆಯಲ್ಲಿ ಅಂಗಡಿ ಬೋರ್ಡು ಬರೆಯುವವನಿಗೆ ಹೇಳಿ ಮಾಡಿಸಿದ್ದು. ಮೊರದಗಲದ ಮುಖ, ಎರಡು ಕೊಂಬು, ಗಿರಿಜಾ ಮೀಸೆ, ನಿಂಬೆಹಣ್ಣಿನ ಗಾತ್ರದ ಕಣ್ಣು. ನಾಲಿಗೆಯನ್ನು ಮಾತ್ರ ಬೇರೆ ತಗಡಿನಲ್ಲಿ ಕತ್ತರಿಸಿ, ಕೆಂಪು ಬಳಿದು, ಬಾಯಿಗೆ ಸಣ್ಣ ಕೀಲು ಹಾಕಿ ಸಿಕ್ಕಿಸಿದ್ದ. ಗಾಳಿ ಬೀಸಿದರೆ ನಾಲಿಗೆ ಮೇಲೆ ಕೆಳಗೆ ಆಡಿ ಟಕ್ ಟಕ್ ಎನ್ನುತ್ತಿತ್ತು.

ವಾಲ್ನಟ್ ಕ್ರೀಕಿನಲ್ಲಿ ನಾವು ಮನೆ ಕೊಂಡು ಆಗ ಮೂರು ತಿಂಗಳಾಗಿತ್ತು. ೧೯೮೬ರ ಅಕ್ಟೋಬರು. ನನಗೆ ಆರನೇ ತಿಂಗಳು. ಇದಕ್ಕೆ ಮೊದಲು ಹೇವರ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಎರಡು ಸಲ ಬಸಿರಾಗಿ, ಎರಡು ಸಲವೂ ಐದನೇ ತಿಂಗಳು ದಾಟಿರಲಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಯಾರದೋ ಕಣ್ಣು ಬಿದ್ದು ಮಗು ಹೋಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಬೊಂಬೆಯನ್ನು ತೂಗುಹಾಕಿದ ದಿನ, ಎಷ್ಟೋ ಕಾಲದ ಮೇಲೆ, ನಾನು ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದೆ. ಹೆರಿಗೆಯಾಗುವ ತನಕ ಅದು ಅಲ್ಲಿಂದ ಕದಲಬಾರದು, ಅಷ್ಟೇ ನನ್ನ ಆಸೆ. ನಗುವವರು ನಗಲಿ.

ಮೊದಲು ನಕ್ಕವರು ನನ್ನ ಗಂಡ. ವ್ಯಾಸರಾಜ ಬಸವನಗುಡಿಯವರು, ನೀರಿನ ಕೊಳವೆಗಳ ಎಂಜಿನಿಯರು. ದಿನಾ ಬೆಳಿಗ್ಗೆ ಬಾರ್ಟ್ ರೈಲು ಹಿಡಿದು ಸಿಟಿಯ ಆಫೀಸಿಗೆ ಹೋಗಿ ಯಾವ ಪೈಪಿನಲ್ಲಿ ಎಷ್ಟು ಒತ್ತಡ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಬೊಂಬೆಯನ್ನು ಮನೆಯ ಮುಂದುಗಡೆ ಹಾಕಕೂಡದು ಎಂದು ಪಟ್ಟು ಹಿಡಿದರು. ಅತ್ತೆಯ ಎದುರು ಅದಕ್ಕಿಂತ ಹೆಚ್ಚು ಮಾತಾಡುವ ಧೈರ್ಯ ಅವರಿಗಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹಿತ್ತಲ ಕಡೆಯ ಮರದ ಜಗಲಿಯ, ಇಲ್ಲಿಯವರ ಡೆಕ್ಕಿನ, ತೊಲೆಗೆ ಕಟ್ಟಿದರು. ಹಿತ್ತಲಿನಾಚೆ ಒಂದು ಕಿರುಹೊಳೆ, ಹೊಳೆಯಾಚೆ ಇನ್ನೊಂದು ಸಾಲು ಮನೆಗಳು. ಬೊಂಬೆಯ ಮುಖ ಆ ಕಡೆಗೆ.

ಅಕ್ಟೋಬರಿನಲ್ಲಿ ಅದಕ್ಕೆ ಸಿಕ್ಕಿದ ಮರ್ಯಾದೆ ಇಷ್ಟಿಷ್ಟಲ್ಲ. ಹೊಳೆಯ ಪಕ್ಕದ ದಾರಿಯಲ್ಲಿ ನಡೆಯುವವರು ನಿಂತು, ಕೈ ತೋರಿಸಿ, ಹೆಬ್ಬೆರಳು ಎತ್ತಿ ಹೋಗುತ್ತಿದ್ದರು. ಎಲ್ಲರೂ ಅದನ್ನು ತಿಂಗಳ ಕೊನೆಗೆ ಬರುವ ಭೂತವೇಷದ ಹಬ್ಬ ಹ್ಯಾಲೊವೀನಿನ ಅಲಂಕಾರ ಎಂದುಕೊಂಡಿದ್ದರು. ಅಮ್ಮನಿಗೋ ಈ ದೇಶದವರ ಭಕ್ತಿ ಕಂಡು ತುಂಬ ಸಂತೋಷ.

ನವೆಂಬರಿನ ಮೂರನೇ ವಾರ ಕಾಲೊನಿಯ ಅಸೋಸಿಯೇಷನ್ನಿನಿಂದ ಪತ್ರ ಬಂತು. ವ್ಯಾಸರಾಜ ಅದನ್ನು ಓದುವ ಹೊತ್ತಿಗೆ ಅರ್ಧ ಬೆವೆತಿದ್ದರು.

“ಹಬ್ಬ ಮುಗಿದ ಎರಡು ವಾರದೊಳಗೆ ಡೆಕೊರೇಷನ್ ತೆಗೀಬೇಕಂತೆ ಕಣೇ. ಯಾರೋ ನೇಬರ್ ರೈಟಿಂಗಲ್ಲಿ ಕಂಪ್ಲೇಂಟ್ ಕೊಟ್ಟಿದಾರೆ. ತೆಗೆದುಬಿಡೋಣ ಆಶಾ. ಹೊಸದಾಗಿ ಬಂದಿದೀವಿ, ಯಾಕೆ ಬೇಕು ತಲೆನೋವು?”

“ಅದು ಡೆಕೊರೇಷನ್ ಅಲ್ಲ ಅಂತ ಹೇಳ್ರೀ.”

“ಮತ್ತೇನು ಅಂತ ಹೇಳ್ಲಿ? ನನ್ನ ಹೆಂಡ್ತೀನ ಕಾಯ್ತಿರೋ ವಾಚ್‌ಮನ್ ಅಂತಲಾ?”

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೋಗುತ್ತ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದೆ. ಎಂ.ಎಸ್ಸಿ. ಮಾಡಿದವಳು ತಗಡಿಗಾಗಿ ಅಳುತ್ತಿದ್ದೇನೆ ಎಂಬ ನಾಚಿಕೆಗೇ ಇನ್ನಷ್ಟು ಅಳು ಬಂತು. ಆಮೇಲೆ ಅವರು ಸೆಕ್ರೆಟರಿಗೆ ಫೋನು ಮಾಡುವುದು ಕೇಳಿಸಿತು. ಮೊದಲು ತಗ್ಗಿದ ದನಿ, ನಂತರ ಇದ್ದಕ್ಕಿದ್ದಂತೆ ಉತ್ಸಾಹ. ಫೋನಿಟ್ಟವರು ಬಾಗಿಲು ಬಡಿದು ಕೂಗಿದರು.

“ಆಶಾ! ಕಂಪ್ಲೇಂಟ್ ಕೊಟ್ಟಿರೋದು ಹೊಳೆ ಆಚೆ ಮನೆ ಮುದುಕಿ, ಮಿಸೆಸ್ ಗೀಸಿನ್ ಅಂತ. ಸ್ವಿಸ್ಸು. ಎಲ್ಲಿಯವರು ಗೊತ್ತಾ? ಬಾಸೆಲ್! ಬರ್ನೂಲಿಗಳ ಊರು ಕಣೇ! ಗಣಿತದ ಆಯ್ಲರ್ ಹುಟ್ಟಿದ ಊರು!”

ಇವರಿಗೆ ಬಾಸೆಲ್ ಎಂದರೆ ಕಾಶಿ. ಹರಿಯುವ ನೀರಿನ ವೇಗ ಹೆಚ್ಚಿದರೆ ಒತ್ತಡ ತಗ್ಗುತ್ತದೆ ಎಂದು ಇನ್ನೂರೈವತ್ತು ವರ್ಷದ ಹಿಂದೆ ಹೇಳಿದ ಡೇನಿಯಲ್ ಬರ್ನೂಲಿ ಆ ಊರಿನ ಮನೆತನದವನು. ಅಪ್ಪ, ದೊಡ್ಡಪ್ಪ, ಅಣ್ಣ, ತಮ್ಮ ಎಲ್ಲರೂ ಗಣಿತದವರೇ. ನಮ್ಮ ಮನೆಯ ಅನ್ನ ಅವನ ಸೂತ್ರದಿಂದ ಬರುತ್ತದೆ ಎಂದು ಇವರು ಆಗಾಗ ಹೇಳುವುದುಂಟು. ನನ್ನ ಹೊಟ್ಟೆಯಲ್ಲಿ ಮಗು, ಇವರ ತಲೆಯಲ್ಲಿ ಬರ್ನೂಲಿ.

ಆದರೆ ಬಾಸೆಲ್ ಎಂಬ ಹೆಸರು ಕೇಳಿ ಅಡುಗೆಮನೆಯಿಂದ ಓಡಿಬಂದವಳು ಅಮ್ಮ.

“ಬಾಸೆಲ್‌ನವರಾ? ಅಯ್ಯೋ ದೇವರೇ! ನಮ್ಮ ಮಾಡಿನ ಹಂಚೆಲ್ಲ ಅವರದ್ದೇ ಅಲ್ವಾ! ನನ್ನ ಅಮ್ಮ ಕಲ್ತದ್ದು ಅವರ ಶಾಲೆಯಲ್ಲಿ. ಇವರು ನಮ್ಮವರೇ ಮಾರಾಯ್ತಿ!”

ಮಂಗಳೂರಿನವರಿಗೆ ಬಾಸೆಲ್ ಎಂದರೆ ಬಾಸೆಲ್ ಮಿಷನ್. ಹಂಚಿನ ಕಾರ್ಖಾನೆ, ಛಾಪಖಾನೆ, ನೇಯ್ಗೆ, ಶಾಲೆ. ಅಮ್ಮನ ಲೆಕ್ಕದಲ್ಲಿ ಆ ಊರಿನಲ್ಲಿ ಇರುವುದು ಪಾದ್ರಿಗಳು, ಹಂಚು ಮಾಡುವವರು, ಇಷ್ಟೇ ಜನ. ಸಂತೋಷ ಇಳಿಯುತ್ತಲೇ ಅವಳಿಗೆ ದೂರಿನ ಕಾರಣವೂ ಹೊಳೆದುಬಿಟ್ಟಿತು.

“ಈಗ ಗೊತ್ತಾಯ್ತು. ಪಾದ್ರಿಗಳ ಊರಿನವರಿಗೆ ಕೊಂಬು ಕಂಡ್ರೆ ಆಗುದಿಲ್ಲ. ಅವರಿಗೆ ಅದು ಸೈತಾನ. ಪಾಪ, ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುವಾಗ ಕಣ್ಣೆದುರು ಕೊಂಬು ಬಂದ್ರೆ ಹೇಗೆ ಆಗ್ಬೇಕು ಅವರಿಗೆ?”

ಉಪಾಯವನ್ನೂ ಅವಳೇ ಮಾಡಿದಳು. ಅಡುಗೆಮನೆಯ ಟವೆಲೊಂದನ್ನು ತಂದು ಬೊಂಬೆಯ ಕೊಂಬು, ಕಣ್ಣು, ಮೀಸೆ ಎಲ್ಲ ಮುಚ್ಚುವಂತೆ ಬಿಗಿಯಾಗಿ ಕಟ್ಟಿದಳು. ನಾಲಿಗೆಯನ್ನು ಮುಚ್ಚಲಿಲ್ಲ. ನಾಲಿಗೆ ಇಲ್ಲದಿದ್ದರೆ ದೃಷ್ಟಿ ಬೊಂಬೆಗೆ ಅರ್ಥವೇ ಇಲ್ಲ, ಅಲ್ಲದೆ ನಾಲಿಗೆಯಲ್ಲಿ ಸೈತಾನನದು ಏನಿದೆ ಎಂಬುದು ಅವಳ ವಾದ. ಹೂವಿನ ಚಿತ್ರದ ಬಿಳಿ ಟವೆಲು, ಅದರ ಕೆಳಗಿನಿಂದ ಇಣುಕಿ ಟಕ್ ಟಕ್ ಎನ್ನುವ ಕೆಂಪು ನಾಲಿಗೆ. ನನಗೂ ಅದು ಸರಿಯೆಂದೇ ತೋರಿತು.

ಎರಡನೇ ದಿನಕ್ಕೆ ಇನ್ನೊಂದು ಪತ್ರ ಬಂತು. ಈ ಸಲ ಅಸೋಸಿಯೇಷನ್ನಿನದಲ್ಲ, ಮಿಸೆಸ್ ಗೀಸಿನ್ನರೇ ನೀಲಿ ಶಾಯಿಯಲ್ಲಿ ಬರೆದದ್ದು. ಒಂದೇ ಸಾಲು. ‘ಈಗ ನೀವು ಬೇಕೆಂದೇ ಮಾಡುತ್ತಿದ್ದೀರಿ ಎಂಬುದು ಸ್ಪಷ್ಟವಾಯಿತು.’

ಅಮ್ಮನಿಗೆ ಓದಿ ಹೇಳಿದಾಗ ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ನಡೀರಿ, ಹೋಗುವ. ಮುಖಾಮುಖಿ ಮಾತಾಡಿದ್ರೆ ಮುಗೀತದೆ. ಬಾಳೆಹಣ್ಣಿನ ಹಲ್ವ ಉಂಟು, ತಕೊಂಡು ಹೋಗುವ.”

ಶನಿವಾರ ಬೆಳಿಗ್ಗೆ ಹೊಳೆಯ ಮೇಲಿನ ಮರದ ಕಾಲುಸೇತುವೆ ದಾಟಿ ಮೂವರೂ ಹೊರಟೆವು. ಮುಂದೆ ಹಲ್ವದ ಡಬ್ಬಿ ಹಿಡಿದ ಅಮ್ಮ, ನಡುವೆ ಹೊಟ್ಟೆ ಹೊತ್ತ ನಾನು, ಹಿಂದೆ ಬರ್ನೂಲಿ ಭಕ್ತರು. ಬಾಗಿಲು ತೆಗೆದ ಮಿಸೆಸ್ ಗೀಸಿನ್‌ಗೆ ಎಪ್ಪತ್ತು ವರ್ಷವಿರಬಹುದು. ಬಾಗಿಲಿನ ಎತ್ತರಕ್ಕಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವುದು. ನಮ್ಮನ್ನು ನೋಡಿದವರು, ನನ್ನ ಹೊಟ್ಟೆಯನ್ನು ನೋಡಿ, ಕುರ್ಚಿ ಎಳೆದು ಕೊಟ್ಟರು. ಅವರ ಅಡುಗೆಮನೆಯ ಕಿಟಕಿಯಿಂದ ನಮ್ಮ ಡೆಕ್ಕು ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಟವೆಲು, ಅದರ ಕೆಳಗೆ ನಾಲಿಗೆ.

ಮಾತು ಶುರು ಮಾಡಲು ವ್ಯಾಸರಾಜ ತಮ್ಮ ದೇವರನ್ನೇ ತಂದರು. ಬಾಸೆಲ್ಲಿನವರನ್ನು ಕಂಡದ್ದು ತಮ್ಮ ಪುಣ್ಯ, ಬರ್ನೂಲಿಗಳ ಋಣ ತಮ್ಮ ಮೇಲಿದೆ ಎಂದರು. ಮಿಸೆಸ್ ಗೀಸಿನ್ ಮೂಗು ಮುರಿದರು.

“ಬರ್ನೂಲಿಗಳು ಆ ದಡದವರು,” ಎಂದರು. ಅವರ ಇಂಗ್ಲಿಷು ಕಲ್ಲು ಕಡಿದಂತೆ ಇತ್ತು.

ಇವರಿಗೆ ತಿಳಿಯಲಿಲ್ಲ. ಎರಾಸ್ಮಸ್ಸನ ಹೆಸರು ಹೇಳಿದರು. ಅಷ್ಟು ದೊಡ್ಡ ವಿದ್ವಾಂಸನ ಸಮಾಧಿ ನಿಮ್ಮ ಚರ್ಚಿನಲ್ಲೇ ಇದೆಯಲ್ಲವೇ ಎಂದರು.

“ಆ ಚರ್ಚೂ ಆ ದಡದ್ದು.”

“ಹೋಲ್ಬೈನ್? ಚಿತ್ರಕಾರ?”

“ಆ ದಡ.”

ಇವರ ಮುಖ ಸಣ್ಣದಾಗುತ್ತ ಬಂತು. ಕೊನೆಗೆ, ಆ ಚರ್ಚಿನಲ್ಲಿ ಡೇನಿಯಲ್ಲನ ದೊಡ್ಡಪ್ಪ ಯಾಕೋಬ್ ಬರ್ನೂಲಿಯ ಸಮಾಧಿಯ ಮೇಲೆ ಅವನು ಕೇಳಿಕೊಂಡಿದ್ದ ಸುರುಳಿಯ ಬದಲು ಬೇರೊಂದು ಸುರುಳಿ ಕೆತ್ತಿಬಿಟ್ಟಿದ್ದಾರಂತೆ, ಪಾಪ, ಎಂದರು. ಮಿಸೆಸ್ ಗೀಸಿನ್ ಅಂದು ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು.

“ಹಾಗಾದರೆ ಕೆತ್ತಿದವನು ನಮ್ಮ ದಡದವನೇ ಇರಬೇಕು.”

“ಆಯ್ಲರ್?” ಎಂದು ಇವರು ಹೆದರುತ್ತಲೇ ಕೇಳಿದರು.

“ಆಯ್ಲರ್ ನಮ್ಮವನು. ಹುಟ್ಟಿದ್ದು ಆ ಕಡೆ ಇರಬಹುದು. ಆಡಿ ಬೆಳೆದದ್ದು ರೀಹೆನ್ ಹಳ್ಳಿಯಲ್ಲಿ. ರೀಹೆನ್ ಇರುವುದು ನಮ್ಮ ದಡದಲ್ಲಿ. ಹತ್ತು ಫ್ರಾಂಕ್ ನೋಟಿನ ಮೇಲೆ ಯಾರ ಮುಖ ಇದೆ ನೋಡಿಕೊಳ್ಳಿ.”

ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳುತ್ತಿದ್ದ ಅಮ್ಮ ಆಗ ನನ್ನ ಮೊಣಕೈ ತಿವಿದಳು. “ಎಂತ ಇವರದ್ದು ಬರೀ ದಡದ ಪಂಚಾಯ್ತಿಗೆ? ವಿಷಯಕ್ಕೆ ಬಾ. ಅದು ಸೈತಾನ ಅಲ್ಲ, ನಾವು ಅದಕ್ಕೆ ಪೂಜೆ ಮಾಡುದಿಲ್ಲ ಅಂತ ಹೇಳು. ಕೊಂಬು ಮುಚ್ಚಿದ್ದೇವೆ ಅಂತಲೂ ಹೇಳು.”

ನಾನು ಹೇಳಿದೆ. ಮಿಸೆಸ್ ಗೀಸಿನ್ ನನ್ನನ್ನೇ ದಿಟ್ಟಿಸಿದರು.

“ಕೊಂಬೇ? ಕೊಂಬಿನ ಮಾತು ಯಾರು ಎತ್ತಿದರು? ನನಗೆ ಕೊಂಬಿನಿಂದ ತೊಂದರೆಯೇ ಇಲ್ಲ. ನನ್ನ ತಕರಾರು ನಾಲಿಗೆಯದು.”

ಅವರು ಎದ್ದು ಹೋಗಿ ಒಂದು ಹಳೆಯ ಪೋಸ್ಟ್‌ಕಾರ್ಡು ತಂದು ನಮ್ಮ ಮುಂದಿಟ್ಟರು. ಕಿರೀಟ, ದೊಡ್ಡ ಕಣ್ಣು, ತೆರೆದ ಬಾಯಿ, ಚಾಚಿದ ಕೆಂಪು ನಾಲಿಗೆ. ಅಮ್ಮ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು, “ದೃಷ್ಟಿ ಬೊಂಬೆ! ಇವರಲ್ಲೂ ಉಂಟಾ!” ಎಂದಳು.

ಅದರ ಹೆಸರು ಲೆಲ್ಲೆಕೇನಿಗ್, ಅಂದರೆ ನಾಲಿಗೆ ರಾಜ. ಬಾಸೆಲ್ ಊರಿನ ನಡುವೆ ರೈನ್ ನದಿ ಹರಿಯುತ್ತದೆ. ಒಂದು ದಡ ದೊಡ್ಡ ಬಾಸೆಲ್. ಚರ್ಚು, ವಿಶ್ವವಿದ್ಯಾಲಯ, ವಿದ್ವಾಂಸರು, ಹಳೆಯ ಸಿರಿವಂತರು ಎಲ್ಲ ಅಲ್ಲಿ. ಇನ್ನೊಂದು ದಡ ಚಿಕ್ಕ ಬಾಸೆಲ್. ಅಲ್ಲಿ ಕೆಲಸಗಾರರು. ಮಿಸೆಸ್ ಗೀಸಿನ್‌ರ ಅಪ್ಪ ಬಣ್ಣದ ಕಾರ್ಖಾನೆಯಲ್ಲಿ ದುಡಿದು ಸಂಜೆ ನೀಲಿ ಕೈ ಹೊತ್ತು ಮನೆಗೆ ಬರುತ್ತಿದ್ದರಂತೆ. ಹಿಂದೆ ದೊಡ್ಡ ಬಾಸೆಲ್ಲಿನವರು ಸೇತುವೆಯ ತಮ್ಮ ತುದಿಯ ಗೋಪುರಕ್ಕೆ ಈ ರಾಜನ ತಲೆ ಸಿಕ್ಕಿಸಿ, ಗಡಿಯಾರದ ಯಂತ್ರ ಜೋಡಿಸಿ, ಚಿಕ್ಕ ಬಾಸೆಲ್ಲಿನ ಕಡೆಗೆ ದಿನವಿಡೀ ನಾಲಿಗೆ ಚಾಚಿ ಅಣಕಿಸುವಂತೆ ಮಾಡಿದ್ದರು. ಗೋಪುರ ಹೋಯಿತು, ತಲೆ ಮ್ಯೂಸಿಯಮ್ಮಿಗೆ ಹೋಯಿತು. ಆದರೂ ಅದೇ ಜಾಗದಲ್ಲಿ ಒಂದು ನಕಲನ್ನು ಇಟ್ಟಿದ್ದಾರೆ.

“ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಸೇತುವೆ ದಾಟುವಾಗಲೆಲ್ಲ ನಾನು ಅದಕ್ಕೆ ತಿರುಗಿ ನಾಲಿಗೆ ಚಾಚುತ್ತಿದ್ದೆ,” ಎಂದರು ಮಿಸೆಸ್ ಗೀಸಿನ್. “ಆಮೇಲೆ ಸಮುದ್ರ ದಾಟಿ ಇಷ್ಟು ದೂರ ಬಂದೆ. ನಲವತ್ತು ವರ್ಷ ನೆಮ್ಮದಿಯಾಗಿದ್ದೆ. ಒಂದು ದಿನ ಬೆಳಿಗ್ಗೆ ಪರದೆ ಸರಿಸುತ್ತೇನೆ, ಹೊಳೆಯ ಆಚೆ ದಡದಿಂದ ನಾಲಿಗೆ! ಹ್ಯಾಲೊವೀನ್ ಎಂದು ಸಹಿಸಿದೆ. ನವೆಂಬರಿನಲ್ಲೂ ನಾಲಿಗೆ! ದೂರು ಕೊಟ್ಟರೆ ಉಳಿದದ್ದೆಲ್ಲ ಮುಚ್ಚಿ ಬರೀ ನಾಲಿಗೆ ಬಿಟ್ಟಿರಿ!”

ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಹೇಳಿ ಮುಗಿಸುವ ಮೊದಲೇ ಅಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ವ್ಯಾಸರಾಜ ತಡೆಯಲಾರದೆ ಕೆಮ್ಮಿದಂತೆ ಮಾಡಿದರು. ಮಿಸೆಸ್ ಗೀಸಿನ್ ನಗಲಿಲ್ಲ. ಬೊಂಬೆಯನ್ನು ಬೇರೆ ಕಡೆಗೆ ತಿರುಗಿಸಿ ಎಂದರು. ಒಳಗೆ ತಿರುಗಿಸಿದರೆ ನಮಗೇ ನಾಲಿಗೆ ಚಾಚಿದಂತೆ, ಆಗುವುದಿಲ್ಲ ಎಂದಳು ಅಮ್ಮ. ಮುಂದುಗಡೆ ಹಾಕಿ ಎಂದರು. ಅಲ್ಲಿ ಅಸೋಸಿಯೇಷನ್ ಇನ್ನೂ ಬಿಗಿ ಎಂದರು ಇವರು. ಹಾಗಾದರೆ ತೆಗೆಯಿರಿ, ಬೇರೆ ದಾರಿಯಿಲ್ಲ ಎಂದರು ಮಿಸೆಸ್ ಗೀಸಿನ್. ವ್ಯಾಸರಾಜ ತಲೆಯಾಡಿಸಿಯೇಬಿಟ್ಟರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎಲ್ಲರಿಗೂ ಒಂದೊಂದು ದಡ ಇದೆ, ನನಗೆ ಮಾತ್ರ ಇಲ್ಲ.

“ತೆಗೆಯುವುದಿಲ್ಲ,” ಎಂದೆ. “ನನ್ನ ಎರಡು ಮಕ್ಕಳು ಹೊಟ್ಟೆಯಲ್ಲೇ ಹೋದವು. ಇದು ಮೂರನೆಯದು. ಆ ತಗಡಿನಿಂದ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅದು ಅಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ. ಮಗು ಹುಟ್ಟಿದ ದಿನ ನಾನೇ ಹತ್ತಿ ಬಿಚ್ಚುತ್ತೇನೆ. ಅಲ್ಲಿಯವರೆಗೆ ನೀವು ಯಾರಿಗೆ ಬೇಕಾದರೂ ಬರೆಯಿರಿ.”

ಅಮ್ಮನಿಗೆ ಇಂಗ್ಲಿಷು ತಿಳಿಯದಿದ್ದರೂ ಮಾತು ತಿಳಿಯಿತು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಮಿಸೆಸ್ ಗೀಸಿನ್ ಹಲ್ವದ ಡಬ್ಬಿ ತೆರೆದು, ಒಂದು ತುಂಡು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ತಿಂದು ಮುಗಿಸಿದರು.

“ಮಗು ಬರುವ ತನಕ ಇರಲಿ. ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ,” ಎಂದರು. “ಆದರೆ ಅವಮಾನಕ್ಕೆ ಉತ್ತರ ಕೊಡದೆ ಬಿಡುವವಳಲ್ಲ. ಬಿಟ್ಟರೆ ಚಿಕ್ಕ ಬಾಸೆಲ್ಲಿನಲ್ಲಿ ಹುಟ್ಟಿದ್ದೇ ದಂಡ. ಜನವರಿ ಬರಲಿ.”

ಜನವರಿಯಲ್ಲಿ ಏನು ಎಂಬುದನ್ನೂ ಹೇಳಿದರು. ಪ್ರತಿ ವರ್ಷ ಜನವರಿಯ ಒಂದು ದಿನ ಚಿಕ್ಕ ಬಾಸೆಲ್ಲಿನವರು ಮೂರು ವೇಷ ಹಾಕುತ್ತಾರೆ. ಒಂದು ಸಿಂಹ, ಒಂದು ಹದ್ದಿನ ಮುಖದ ಮೃಗ, ಒಂದು ಕಾಡುಮನುಷ್ಯ. ಕಾಡುಮನುಷ್ಯ ಸೊಂಟಕ್ಕೂ ತಲೆಗೂ ಎಲೆ ಸುತ್ತಿಕೊಂಡು, ಬೇರುಸಹಿತ ಕಿತ್ತ ಮರ ಹಿಡಿದು, ತೆಪ್ಪದ ಮೇಲೆ ನದಿಯಲ್ಲಿ ಇಳಿದು ಬರುತ್ತಾನೆ. ಡೋಲು ಬಾರಿಸುತ್ತಾರೆ, ಅವನು ಕುಣಿಯುತ್ತಾನೆ. ದಾರಿಯುದ್ದಕ್ಕೂ ದೊಡ್ಡ ಬಾಸೆಲ್ಲಿಗೆ ಬೆನ್ನು. ಏನೇ ಆದರೂ, ಯಾರೇ ಕೂಗಿದರೂ, ಆ ಕಡೆಗೆ ಮುಖ ತಿರುಗಿಸುವುದಿಲ್ಲ.

“ನಮ್ಮ ಹುಲಿವೇಷವೇ!” ಎಂದು ಅಮ್ಮ ಹಿಗ್ಗಿದಳು. “ಬೆನ್ನು ಅಂದ್ರೆ ಬೆನ್ನೊಂದೇ ಅಲ್ಲ, ಕೆಳಗಿನದ್ದೂ ಸೇರಿ ತೋರ್ಸುದು ಅಂತಾಯ್ತು, ಅಲ್ವಾ?” ನಾನು ಅನುವಾದಿಸಲಿಲ್ಲ. ಮಿಸೆಸ್ ಗೀಸಿನ್ ಹೇಗೋ ತಿಳಿದುಕೊಂಡು ಹೌದೆಂದು ತಲೆಯಾಡಿಸಿದರು.

ಅಂದಿನಿಂದ ಹೊಳೆಯ ಎರಡು ದಡಗಳ ನಡುವೆ ಒಂದು ಬಗೆಯ ಸಂಬಂಧ ಶುರುವಾಯಿತು. ಟವೆಲು ಬಿಚ್ಚಿದೆವು. ಬೆಳಿಗ್ಗೆ ಏಳೂವರೆಗೆ ಮಿಸೆಸ್ ಗೀಸಿನ್ ಪರದೆ ಸರಿಸಿ, ಬೊಂಬೆಯನ್ನು ಕೆಕ್ಕರಿಸಿ ನೋಡಿ, ಕಾಫಿ ಕುಡಿಯುತ್ತಿದ್ದರು. ಡೆಕ್ಕಿನ ಮೇಲೆ ನಾನು ಕಾಣಿಸಿದರೆ ಕೈಯೆತ್ತುತ್ತಿದ್ದರು. ಒಂದು ದಿನ ಕಾಣಿಸದಿದ್ದರೆ ಫೋನು ಮಾಡಿ, ಎಲ್ಲಿದ್ದೀಯ, ಹೇಗಿದ್ದೀಯ ಎಂದು ಗದರುವಂತೆ ಕೇಳುತ್ತಿದ್ದರು. ಅಮ್ಮ ಅವರನ್ನು ಗೀಸಿನಮ್ಮ ಎಂದು ಕರೆಯತೊಡಗಿದಳು. ಐದು ದೇಶದ ಸಂಬಾರ ಹಾಕಿದಂತಿದ್ದ ತಮ್ಮೂರಿನ ಜೇನು ಬಿಸ್ಕತ್ತನ್ನು ಅವರು ಕಳಿಸಿದರು, ಅಮ್ಮ ಚಕ್ಕುಲಿ ಕಳಿಸಿದಳು. ಎರಡೂ ಹಲ್ಲಿಗೆ ಸವಾಲೇ.

ಜನವರಿಯ ಕೊನೆಯ ವಾರ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹದಿನಾರು ದಿನವಿತ್ತು. ವ್ಯಾಸರಾಜ ಆಫೀಸಿಗೆ ಹೋಗಿದ್ದರು. ಹನ್ನೊಂದು ಗಂಟೆಗೆ ಗೀಸಿನಮ್ಮನಿಂದ ಫೋನು ಬಂತು. “ಡೆಕ್ಕಿಗೆ ಬನ್ನಿ. ಎಷ್ಟು ಕೂಗಿದರೂ ನಾನು ತಿರುಗುವುದಿಲ್ಲ, ಈಗಲೇ ಹೇಳಿದ್ದೇನೆ.”

ನಾನೂ ಅಮ್ಮನೂ ಕುರ್ಚಿ ಹಾಕಿಕೊಂಡು ಕೂತೆವು. ಆಚೆ ದಡದ ಹುಲ್ಲಿನ ಮೇಲೆ ಕ್ಯಾಸೆಟ್ ಪ್ಲೇಯರು ಇಟ್ಟಿತ್ತು. ಅದರಿಂದ ಡೋಲಿನ ಸದ್ದು ಹೊರಟಿತು. ತೆಪ್ಪ ತೇಲಿಸಲು ಹೊಳೆಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ, ಹಾಗಾಗಿ ಕಾಡುಮನುಷ್ಯ ನಡೆದೇ ಬಂದ. ಪ್ಯಾಂಟಿನ ಮೇಲೆ ಐವಿ ಬಳ್ಳಿಯ ಡಾಬು, ತಲೆಗೂ ಬಳ್ಳಿಯ ಸಿಂಬಿ, ಕೈಯಲ್ಲಿ ಕ್ರಿಸ್ಮಸ್ಸು ಮುಗಿದ ಮೇಲೆ ಬಿಸಾಡದೆ ಇಟ್ಟುಕೊಂಡಿದ್ದ ಒಣಗಿದ ಮರ. ನಮಗೆ ಬೆನ್ನು ಹಾಕಿ ನಿಂತು ಗೀಸಿನಮ್ಮ ಕುಣಿಯತೊಡಗಿದರು. ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ, ಆಮೇಲೆ ಬಾಗಿ ಸೊಂಟದ ಒಂದು ಕುಲುಕು. ಮರದಿಂದ ಒಣ ಎಲೆ ಉದುರುತ್ತಿತ್ತು. ದಾರಿಯಲ್ಲಿ ಓಡುತ್ತಿದ್ದ ಗಂಡಸೊಬ್ಬ ನಿಂತು ನೋಡಿ, ಓಟವನ್ನೇ ಮರೆತ.

ಅಮ್ಮ ಎದ್ದು ನಿಂತು ಹುಲಿವೇಷದ ತಾಸೆಯ ಲಯಕ್ಕೆ ಚಪ್ಪಾಳೆ ತಟ್ಟಿದಳು. ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು, ಪಕ್ಕೆ ನೋಯುವಷ್ಟು ನಕ್ಕೆ. ನಗುತ್ತ ಎದ್ದು ನಿಂತವಳಿಗೆ ಕಾಲಿನ ಮೇಲೆ ಬಿಸಿಯಾಗಿ ಏನೋ ಇಳಿದಂತಾಯಿತು. ಬಗ್ಗಿ ನೋಡಿದೆ. ಬರೀ ನೀರಲ್ಲ, ರಕ್ತ. ಹೇವರ್ಡಿನಲ್ಲಿ ಎರಡು ಸಲ ನೋಡಿದ್ದೆನಲ್ಲ, ಅದೇ ಬಣ್ಣ.

ನಾನು ಕೂಗಲಿಲ್ಲ. ಹಲಗೆಯ ಮೇಲೆ ಕುಸಿದು ಕೂತುಬಿಟ್ಟೆ. ಫೋನು ಅಡುಗೆಮನೆಯಲ್ಲಿತ್ತು. ಅಲ್ಲಿಗೆ ಹತ್ತೇ ಹೆಜ್ಜೆ, ಆದರೆ ಕಾಲು ನನ್ನ ಮಾತು ಕೇಳಲಿಲ್ಲ. ಅಮ್ಮನಿಗೆ ಫೋನು ಮಾಡಿ ಏನು ಹೇಳಬೇಕೆಂದೇ ಗೊತ್ತಿಲ್ಲ. ಅವಳು ಡೆಕ್ಕಿನ ಅಂಚಿನ ಕಟಾಂಜನ ಹಿಡಿದು ಅರಚಿದಳು.

“ಗೀಸಿನಮ್ಮಾ! ಓ ಗೀಸಿನಮ್ಮಾ! ಇಲ್ಲಿ ನೋಡಿ!”

ಡೋಲು ಬಡಿಯುತ್ತಲೇ ಇತ್ತು. ಅವರು ಬೆನ್ನು ಹಾಕಿಯೇ ಕುಣಿಯುತ್ತಿದ್ದರು. ಕೂಗಿದರೂ ತಿರುಗುವುದಿಲ್ಲ ಎಂದು ಮೊದಲೇ ಹೇಳಿದ್ದರಲ್ಲ. ಅಮ್ಮ ಮತ್ತೆ ಕೂಗಿದಳು. ಅವರು ಇನ್ನೂ ಜೋರಾಗಿ ಸೊಂಟ ಕುಲುಕಿದರು. ಇದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ನಾನು ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, ಹೋಗಬೇಡ, ಹೋಗಬೇಡ ಎಂದು ಮಗುವಿಗೆ ಹೇಳುತ್ತಿದ್ದೆ.

ಕುಣಿತ ತಟ್ಟನೆ ನಿಂತಿತು. ಗೀಸಿನಮ್ಮ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ತಿರುಗಿದರು. ಮರ ಬಿಸಾಡಿ ಓಡಿ ಬಂದರು. ಎಪ್ಪತ್ತು ವರ್ಷದ ಹೆಂಗಸು ಆ ಸೇತುವೆಯನ್ನು ಅಷ್ಟು ಬೇಗ ಹೇಗೆ ದಾಟಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನನ್ನು ಎತ್ತಿ ನಿಲ್ಲಿಸಿ, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಅಮ್ಮನ ತೊಡೆಯ ಮೇಲಿಟ್ಟು, ಕೀಲಿ ಎಲ್ಲಿ ಎಂದು ಗದರಿ, ಹೊರಟೇಬಿಟ್ಟರು. ದಾರಿಯಲ್ಲಿ ಕೆಂಪು ದೀಪಗಳಿಗೆ ಅವರು ಕೊಟ್ಟ ಮರ್ಯಾದೆಯನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಗಾಲಿ ಕುರ್ಚಿ ತಂದವನು ಮೊದಲು ನೋಡಿದ್ದು ಅವರ ತಲೆಯ ಬಳ್ಳಿಯನ್ನು. “ನನ್ನನ್ನಲ್ಲ, ಅವಳನ್ನು ನೋಡು!” ಎಂದು ಅವರು ಅಬ್ಬರಿಸಿದರು.

ಮಧ್ಯಾಹ್ನ ಎರಡೂವರೆಗೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು. ಹುಟ್ಟುತ್ತಲೇ ಅತ್ತಿತು. ಆ ಅಳುವನ್ನು ಕೇಳಲು ನಾನು ನಾಲ್ಕು ವರ್ಷ ಕಾದಿದ್ದೆ. ಗರ್ಭಕೋಶದಿಂದ ಮಾಸು ಹೊತ್ತಿಗೆ ಮೊದಲೇ ಬಿಡಿಸಿಕೊಂಡಿತ್ತು, ಸರಿಯಾದ ವೇಳೆಗೆ ಬಂದಿರಿ ಎಂದರು ಡಾಕ್ಟರು. ವ್ಯಾಸರಾಜ ಆಫೀಸಿನಿಂದ ಓಡಿ ಬಂದವರು ಮಗುವನ್ನು ನೋಡಿ ಬರ್ನೂಲಿಯ ಹೆಸರೇ ಎತ್ತದೆ ಸುಮ್ಮನೆ ಅತ್ತರು.

ಸಂಜೆ ಗೀಸಿನಮ್ಮ ನನ್ನ ಹಾಸಿಗೆಯ ಪಕ್ಕ ಕೂತಿದ್ದರು. ಎಲೆಗಳೆಲ್ಲ ಬಾಡಿ ಜೋತಿದ್ದವು. ಅಮ್ಮ ಅಷ್ಟು ಕೂಗಿದಾಗ ತಿರುಗದವರು ಆಮೇಲೆ ಹೇಗೆ ತಿರುಗಿದಿರಿ ಎಂದು ಕೇಳಿದೆ.

“ಕೂಗಿದರೆ ತಿರುಗಬಾರದು ಎಂಬುದು ನಿಯಮ. ಅದನ್ನು ಪಾಲಿಸಿದೆ,” ಎಂದರು. “ಆದರೆ ನೀನು ನಗುವುದನ್ನು ನಿಲ್ಲಿಸಿದ್ದು ಕೇಳಿಸಿತು.”

ತಲೆಯಿಂದ ಬಾಡಿದ ಎಲೆಯೊಂದನ್ನು ಕಿತ್ತು, “ನಾನು ತಿರುಗಿದೆ ಎಂದು ಬಾಸೆಲ್ಲಿನವರಿಗೆ ಯಾರಿಗಾದರೂ ಹೇಳಿದರೆ ನಿನ್ನ ಮೇಲೆ ಇನ್ನೊಂದು ದೂರು ಕೊಡುತ್ತೇನೆ,” ಎಂದರು.

ಆರನೇ ದಿನ ಮನೆಗೆ ಬಂದೆವು. ಮಾತಿಗೆ ತಪ್ಪಬಾರದೆಂದು ವ್ಯಾಸರಾಜ ಏಣಿ ತಂದು ಡೆಕ್ಕಿಗೆ ಆನಿಸಿದ್ದರು. ಮಗುವನ್ನು ನೋಡಲು ಬಂದ ಗೀಸಿನಮ್ಮ ಏಣಿಯನ್ನು ಕಂಡು, “ಏನು ಅವಸರ? ಮಗು ಇನ್ನೂ ಅಂಗೈಯಷ್ಟಿದೆ,” ಎಂದು ಅವರನ್ನು ಕೆಳಗಿಳಿಸಿದರು.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದಳು. ನಾನು ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ ಮುಂದೆ ಹಿಡಿದೆ. ಅಮ್ಮ ನಮ್ಮಿಬ್ಬರನ್ನೂ ದಾಟಿ ಹೋದಳು.

“ಕೂತ್ಕೊಳ್ಳಿ ಗೀಸಿನಮ್ಮ,” ಎಂದು ಅವರ ಭುಜ ಅದುಮಿ ಕುರ್ಚಿಯಲ್ಲಿ ಕೂರಿಸಿದಳು. “ಎಲೆ ಸುತ್ತಿಕೊಂಡು ಇಡೀ ಆಸ್ಪತ್ರೆ ತಿರುಗಿದ್ದೀರಿ. ಊರಿನ ಕಣ್ಣೆಲ್ಲ ನಿಮ್ಮ ಮೇಲೆಯೇ ಉಂಟು. ಮಗುವಿಂದು ಆಮೇಲೆ ಆಯ್ತು.”

ಮುಷ್ಟಿಯನ್ನು ಅವರ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ, ಮೂರು ಸಲ ಥೂ ಎಂದಳು. ಆ ದೊಡ್ಡ ಹೆಂಗಸು ಪುಟ್ಟ ಹುಡುಗಿಯ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಏನು ಮಾಡುತ್ತಿದ್ದಾರೆಂದು ನನ್ನನ್ನು ಕೇಳಲೂ ಇಲ್ಲ. ಅಮ್ಮ ಅಡುಗೆಮನೆಗೆ ಹೋಗಿ, ಗ್ಯಾಸಿನ ಉರಿಯ ಮೇಲೆ ಕಾದಿದ್ದ ಬಾಣಲೆಗೆ ಅದನ್ನು ಸುರಿದಳು. ಮೆಣಸಿನಕಾಯಿ ಚಟಪಟ ಸಿಡಿದು ಕರಿಯಾಯಿತು. ನಾವೆಲ್ಲ ಮೂಗು ಮುಚ್ಚಿಕೊಂಡು ಕಾದೆವು. ಯಾರೂ ಕೆಮ್ಮಲಿಲ್ಲ. ಸಾರಿನ ಒಗ್ಗರಣೆಗೇ ಬಾಯಿ ಬಡಿದುಕೊಳ್ಳುವ ಸ್ಮೋಕ್ ಅಲಾರಮ್ಮು ಕೂಡ ಸುಮ್ಮನಿತ್ತು.

“ನೋಡಿದ್ಯಾ, ಚೂರೂ ಘಾಟಿಲ್ಲ,” ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ. “ಪಾಪ, ಎಷ್ಟು ಕಣ್ಣು ಬಿದ್ದಿತ್ತು ನಮ್ಮ ಗೀಸಿನಮ್ಮನಿಗೆ.”